ಕುದಿನೀರಿಗೆ ಸಿಕ್ಕ ಮರ್ಯಾದೆ

ಹಣ್ಣು ತರಕಾರಿಯನ್ನು ಗಾಜಿನ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಕುದಿಯುವ ನೀರಿನಲ್ಲಿ ಮುಳುಗಿಸಿ ಕೆಡದಂತೆ ಇಡುವ ವಿದ್ಯೆಗೆ ಅದರ ಯೋಗ್ಯತೆಗೆ ಮೀರಿದ ಮರ್ಯಾದೆ ಸಿಗುತ್ತಿದೆ. ಅಮೆರಿಕದಲ್ಲಿ ಮಕ್ಕಳಿರುವ ವಿಶಾಖಪಟ್ಟಣ, ವಿಜಯವಾಡದ ಮನೆಗಳಲ್ಲಿ ಬಾಟಲಿಯದು ವಿಜ್ಞಾನ, ಪಕ್ಕದ ಉಪ್ಪಿನಕಾಯಿ ಜಾಡಿಯದು ಬರೀ ಸಂಪ್ರದಾಯ. ಈ ವಿಂಗಡಣೆ ತಲೆಕೆಳಗಾಗಿದೆ.

1810ರಲ್ಲಿ ಫ್ರಾನ್ಸಿನ ನಿಕೊಲಾ ಅಪೇರ್ ತನ್ನ ವಿಧಾನವನ್ನು ಪ್ರಕಟಿಸಿದ ಕಥೆ, ಬೊಟುಲಿಸಂ ಎಂಬ ಆಹಾರವಿಷದ ಭಯ, ಇವನ್ನೆಲ್ಲ ಮತ್ತೆ ಹೇಳಬೇಕಾಗಿಲ್ಲ. ಪದಾರ್ಥದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಕುದಿನೀರು ಸಾಕು. ಮೇಲಿದ್ದರೆ 100 ಡಿಗ್ರಿಯ ನೀರಿಗೆ ಜಗ್ಗದ ಬೊಟುಲಿಸಂ ಬೀಜಾಣುಗಳು ಒಳಗೇ ಉಳಿಯುತ್ತವೆ. ಅಲ್ಲಿಗೆ ವಿಜ್ಞಾನದ ಮಾತು ಮುಗಿಯಿತು, ಉಳಿದದ್ದು ಒಲೆಯ ಮಾತು.

ಒಲೆಯನ್ನೇ ನೋಡೋಣ. ಗ್ಲಾಸ್ ಟಾಪ್ ಒಲೆಯ ಮೇಲೆ ಬಾಟಲಿ ಕುದಿಸುವವರಿಗೆ ಅಮೆರಿಕದ ಕೈಪಿಡಿಗಳು ಎಚ್ಚರಿಕೆ ಹೇಳುತ್ತವೆ: ಪಾತ್ರೆಯ ತಳ ಚಪ್ಪಟೆಯಾಗಿರಲಿ, ಬರ್ನರಿನ ಆಚೆ ಬಹಳ ಚಾಚದಿರಲಿ. ಅದಕ್ಕೆ ಕಾರಣವಿದೆ. ಅಲ್ಲಿ ವಿದ್ಯುತ್ತಿನ ಸುರುಳಿ ಗಾಜಿನ ಕೆಳಗಿರುತ್ತದೆ, ಶಾಖ ಗಾಜನ್ನು ಹಾದೇ ಮೇಲೆ ಬರಬೇಕು. ಗಾಜು ಅತಿಯಾಗಿ ಕಾದರೆ ಒಲೆ ತಾನೇ ಆರಿ, ತಣಿದ ಮೇಲೆ ಮತ್ತೆ ಹತ್ತುತ್ತದೆ. ಪಾಯಸಕ್ಕೆ ಇದರಿಂದ ನಷ್ಟವಿಲ್ಲ, ಬಾಟಲಿಗೆ ಇದೆ: ನಡುವೆ ಕುದಿ ನಿಂತರೆ ಕಳೆದ ನಿಮಿಷಗಳು ಲೆಕ್ಕಕ್ಕಿಲ್ಲ, ಮರಳಿ ಕುದಿ ಹಿಡಿದ ಮೇಲೆ ಮೊದಲಿನಿಂದ ಎಣಿಸಬೇಕು.

ವಿಜಯವಾಡದ ಅಡುಗೆಮನೆಯ ಗ್ಲಾಸ್ ಟಾಪ್ ಆ ಜಾತಿಯದೇ ಅಲ್ಲ. ಇಲ್ಲಿ ಗಾಜು ಬರೀ ಮೇಲ್ಹಾಸು. ಗ್ಯಾಸಿನ ಬರ್ನರ್ ಅದರಿಂದ ಮೇಲೆದ್ದು ನಿಂತಿರುತ್ತದೆ, ಪಾತ್ರೆ ಸ್ಟ್ಯಾಂಡಿನ ಮೇಲೆ ಕೂರುತ್ತದೆ. ಸಿಲಿಂಡರ್ ಖಾಲಿಯಾಗುವವರೆಗೆ ಕುದಿ ನಿಲ್ಲುವ ಪ್ರಶ್ನೆಯಿಲ್ಲ. ಆ ಎಚ್ಚರಿಕೆಯನ್ನು ಇಲ್ಲಿ ಗಿಳಿಪಾಠ ಒಪ್ಪಿಸುವವರು ಇಲ್ಲದ ಅಪಾಯ ತೋರಿಸಿ ಇರುವುದನ್ನು ಮರೆಸುತ್ತಾರೆ. ಬಾಟಲಿಗಳ ತಲೆಯ ಮೇಲೆ ಒಂದಂಗುಲ ನೀರು ನಿಲ್ಲಬೇಕಾದರೆ ದೊಡ್ಡ ಡಬರಿಯೇ ಬೇಕು. ಅದರ ಅಗಲ ತಳ ಬೆಂಕಿಯನ್ನು ಪಕ್ಕಕ್ಕೂ ಕೆಳಕ್ಕೂ ಒತ್ತುತ್ತದೆ. ಅರ್ಧ ಲೀಟರಿನ ಜಜ್ಜಿದ ಟೊಮೆಟೊ ಬಾಟಲಿಗೆ ಕೈಪಿಡಿ ಹೇಳುವುದು 35 ನಿಮಿಷ, ನೀರು ಕುದಿಗೆ ಬರುವ ಹೊತ್ತು ಬೇರೆ. ಅಷ್ಟೂ ಹೊತ್ತು ಗಾಜು ಕಾಯುತ್ತದೆ, ಬಾಟಲಿ ನೀರಿನ ಭಾರವೂ ಅದರ ಮೇಲೇ. ಉಕ್ಕಿ ಚೆಲ್ಲಿದ್ದನ್ನು ಯಾರಾದರೂ ತಣ್ಣನೆಯ ಒದ್ದೆಬಟ್ಟೆಯಲ್ಲಿ ಒರೆಸಹೋದರೆ ಗಾಜು ಪುಡಿಯಾದರೂ ಆಶ್ಚರ್ಯವಿಲ್ಲ.

ಋತುವೂ ಒಗ್ಗುವುದಿಲ್ಲ. ಚಳಿ ಬರುವ ಮುನ್ನ ಬೆಳೆ ಕೊಯ್ಯುವ ನಾಡಿನಲ್ಲಿ ಒಲೆಯ ಮುಂದೆ ನಿಲ್ಲುವುದು ಹಿತವಾದೀತು. ಕೃಷ್ಣೆಯ ದಡದಲ್ಲಿ ಮಾವು ಬರುವುದು ಬಿಸಿಲು 40 ಡಿಗ್ರಿ ದಾಟುವ ತಿಂಗಳುಗಳಲ್ಲಿ.

ಹಾಗೆಂದು ಎದುರು ಪಾಳೆಯದವರು ಮೇಲಲ್ಲ. ಆವಕಾಯ ಎಂದೊಡನೆ ಕಣ್ಣು ಒದ್ದೆ ಮಾಡಿಕೊಳ್ಳುವ ಅಂಕಣಕಾರರಿದ್ದಾರೆ. ಅವರ ಪ್ರಕಾರ ಈ ಮಾವಿನ ಉಪ್ಪಿನಕಾಯಿಯನ್ನು ಕಾಯುವುದು ಅಜ್ಜಿಯ ಕೈಗುಣ ಮತ್ತು ಮೇಲೆ ತೇಲುವ ಎಳ್ಳೆಣ್ಣೆ. ಕೈಗುಣದ ಮಾತು ಹಾಗಿರಲಿ, ಎಣ್ಣೆಯ ಮಾತು ಅಪಾಯದ್ದು. ಎಣ್ಣೆ ಗಾಳಿಯನ್ನು ತಡೆದು ಬೂಷ್ಟನ್ನು ದೂರವಿಡುತ್ತದೆ, ನಿಜ. ಆದರೆ ಬೊಟುಲಿಸಂ ತರುವ ಬ್ಯಾಕ್ಟೀರಿಯಾಕ್ಕೆ ಗಾಳಿಯಿಲ್ಲದ ಜಾಗವೇ ಬೇಕು. ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟ ಬೆಳ್ಳುಳ್ಳಿ ಅದಕ್ಕೆ ತವರುಮನೆ. ಆವಕಾಯದ ಬೆಳ್ಳುಳ್ಳಿ ವಿಷವಾಗದಂತೆ ಕಾಯುವುದು ಮಾವಿನಕಾಯಿಯ ಹುಳಿ ಮತ್ತು ಉಪ್ಪು. ಮೂರನೆಯ ದಿನ ಜಾಡಿ ಬಿಚ್ಚಿ ತಿರುವಿ, ಉಪ್ಪು ನೋಡಿ, ಆಮೇಲೆ ಎಣ್ಣೆ ಸುರಿಯುವ ಕ್ರಮದಲ್ಲೇ ಈ ತಿಳಿವಳಿಕೆಯಿದೆ: ರಸ ಬಿಟ್ಟು ಉಪ್ಪು ಹುಳಿ ಎಲ್ಲ ಹೋಳಿಗೂ ತಾಗಿದ ಮೇಲಷ್ಟೇ ಎಣ್ಣೆಯ ಕೆಲಸ. ಹೊಗಳುವವರು ಈ ಕ್ರಮವನ್ನು ಬಿಟ್ಟು ಘಮಲನ್ನು ಬಣ್ಣಿಸುತ್ತಾರೆ. ಜಾಡಿಗೆ ವಿಜ್ಞಾನಿಗಳ ತಾತ್ಸಾರಕ್ಕಿಂತ ಈ ಭಕ್ತಿಯೇ ಹೆಚ್ಚು ಅನ್ಯಾಯ ಮಾಡಿದೆ.

ಅವರ ಗದ್ದಲದಲ್ಲಿ ಮರೆಯಾಗಿರುವುದು ಮಾಗಾಯ ಎಂಬ ಇನ್ನೊಂದು ಮಾವಿನ ಉಪ್ಪಿನಕಾಯಿ. ಸಿಪ್ಪೆ ಹೆರೆದ ಕಾಯಿಯ ಹೋಳಿಗೆ ಉಪ್ಪು, ಅರಿಸಿನ ಬೆರೆಸಿ ಮೂರು ದಿನ ಜಾಡಿಯಲ್ಲಿಡುತ್ತಾರೆ. ಬಿಟ್ಟ ಹುಳಿನೀರನ್ನು ಹಿಂಡಿ ತೆಗೆದು, ಹೋಳು ಬೇರೆ, ನೀರು ಬೇರೆ ಬಿಸಿಲಿಗಿಡುತ್ತಾರೆ. ಹೋಳು ಮುದುಡಿ ಬಾಗುವಷ್ಟು ಒಣಗಿದ ಮೇಲೆ ಅದೇ ನೀರಿಗೆ ಹಿಂತಿರುಗುತ್ತದೆ. ಇದರ ಜಾಣತನ ನೋಡಿ. ಹೋಳಿನ ನೀರನ್ನು ಬಿಸಿಲಿಗೆ ಕೊಟ್ಟರು, ಹುಳಿಯನ್ನೂ ಉಪ್ಪನ್ನೂ ಒಂದು ಹನಿ ಚೆಲ್ಲದೆ ಉಳಿಸಿಕೊಂಡರು. ನಮ್ಮ ಮಲೆನಾಡಿನ ಅಪ್ಪೆಮಿಡಿಯೂ ಉಪ್ಪಿನಲ್ಲಿ ಚಿರುಟಿ ತನ್ನ ರಸದಲ್ಲೇ ಬದುಕುತ್ತದೆ, ಆದರೆ ಬಿಸಿಲನ್ನು ಈ ಮಟ್ಟಕ್ಕೆ ದುಡಿಸಿಕೊಳ್ಳುವುದಿಲ್ಲ. ಬಾಟಲಿಯವರಿಗೆ ಶತ್ರುವಾದ ಬಿಸಿಲನ್ನೇ ಮಾಗಾಯ ಸಾಧನ ಮಾಡಿಕೊಂಡಿದೆ. ವಿಶಾಖಪಟ್ಟಣದ ಒದ್ದೆ ಕಡಲಗಾಳಿಯಲ್ಲಿ ಹೋಳು ನಿಧಾನವಾಗಿ ಒಣಗುತ್ತದೆ ಎಂಬುದೊಂದೇ ಅದರ ಮಿತಿ.

ಬಾಟಲಿಗೂ ಸಲ್ಲಬೇಕಾದ್ದು ಸಲ್ಲಲಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುವುದರಿಂದ ನಿಮಿಷ ಹೆಚ್ಚಿಸಬೇಕು. ಕಡಲಮಟ್ಟಕ್ಕೆ ಹತ್ತಿರದ ವಿಶಾಖಪಟ್ಟಣ, ವಿಜಯವಾಡಗಳಲ್ಲಿ ಕೈಪಿಡಿಯ ಲೆಕ್ಕ ಹಾಗೇ ನಡೆಯುತ್ತದೆ. ನೂಜಿವೀಡಿನ ರಸಾಲು ಮಾವಿನಹಣ್ಣಿನ ತಿರುಳನ್ನು ಉಪ್ಪು ಖಾರವಿಲ್ಲದೆ ಮಳೆಗಾಲಕ್ಕೆ ಉಳಿಸಲು ಜಾಡಿಯಿಂದಾಗದು, ಬಾಟಲಿಯಿಂದ ಆದೀತು. ಆದರೆ ಮಾವು ಮಾಗಿದಷ್ಟೂ ಹುಳಿ ಇಳಿಯುತ್ತದೆ, ಅತಿ ಸಿಹಿಯಾದ ಹಣ್ಣೇ 4.6ರ ಗೆರೆಗೆ ಅತಿ ಹತ್ತಿರ. ನಿಂಬೆರಸ ಹಾಕದೆ ಕುದಿಸಿದ ತಿರುಳನ್ನು ವಿಜ್ಞಾನವೆಂದು ಕರೆಯಬಾರದು.

ಆವಕಾಯವನ್ನೂ ಬಾಟಲಿಗೆ ತುಂಬಿ ಕುದಿಸಿ ಎನ್ನುವವರಂತೂ ಎರಡೂ ವಿದ್ಯೆ ಅರಿಯದವರು. ಹಸಿ ಸಾಸಿವೆಪುಡಿ ರಸ ತಾಗಿ ಬಿಡುವ ಘಾಟು ಕಾವಿಗೆ ಹಾರಿಹೋಗುತ್ತದೆ, ಗಟ್ಟಿಯಿರಬೇಕಾದ ಹೋಳು ಬೇಯುತ್ತದೆ. ಆಗಲೇ ಸುರಕ್ಷಿತವಾಗಿರುವುದನ್ನು ಸುರಕ್ಷಿತಗೊಳಿಸಲು ಅರ್ಧ ಗಂಟೆ ಗ್ಯಾಸ್ ಉರಿಸಿ ಕೆಡಿಸಿದಂತಾಯಿತು. ಈ ಕರಾವಳಿಯಲ್ಲಿ ಕುದಿನೀರಿಗೆ ಕೆಲಸವಿರುವುದು ಮಾಗಿದ ಹಣ್ಣಿನಲ್ಲಿ, ಅದೂ ಹುಳಿ ಬೆರೆಸಿದ ಮೇಲೆ. ಕಾಯಿಯ ಮಟ್ಟಿಗೆ ಅದು ಮಾಗಾಯಕ್ಕೆ ಹೇಳಿಕೊಡಬಹುದಾದದ್ದು ಏನೂ ಇಲ್ಲ.