ಚಾಳೀಸಿನ ಆಪರೇಷನ್ನೂ ಆಳದ ಅಂದಾಜೂ

ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಗಡುಸಾಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಈ ಚಾಳೀಸಿಗೆ ಕನ್ನಡಕವೇ ಬೇಡವೆಂದು ಬಂದದ್ದು ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದೊಳಗೆ ಕೂರಿಸುವ ಪುಟ್ಟ ಬಿಲ್ಲೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಕಾಮ್ರಾ, 2016ರಲ್ಲಿ ರೇನ್‌ಡ್ರಾಪ್ ಎಂಬ ಬಿಲ್ಲೆಗಳಿಗೆ ಒಪ್ಪಿಗೆ ಕೊಟ್ಟಿತು. ಎರಡರಲ್ಲಿ ಯಾವುದಾದರೂ ಹಾಕುತ್ತಿದ್ದುದು ಒಂದು ಕಣ್ಣಿಗೆ ಮಾತ್ರ. ನನ್ನ ತಕರಾರು ಹುಟ್ಟುವುದೇ ಇಲ್ಲಿ. ಪೇಪರು ಓದಲು ಬಂದರೆ ಚಿಕಿತ್ಸೆ ಗೆದ್ದಿತು ಎನ್ನಲಾಗದು. ಎರಡು ಕಣ್ಣೂ ಕೂಡಿ ಕೊಡುವ ಆಳದ ಅಂದಾಜು ಉಳಿಯಿತೇ ಎಂದೂ ನೋಡಬೇಕು.

ಕಾಮ್ರಾದ ಅಗಲ 3.8 ಮಿಲಿಮೀಟರ್, ನಡುವಿನ ರಂಧ್ರ 1.6. ಸಣ್ಣ ರಂಧ್ರದಿಂದ ಬರುವ ಬೆಳಕು ಹತ್ತಿರದ್ದನ್ನೂ ಸ್ಪಷ್ಟಗೊಳಿಸುತ್ತದೆ, ದೂರದ್ದನ್ನು ಹೆಚ್ಚು ಕೆಡಿಸುವುದಿಲ್ಲ. ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಹೊಂದಿಸುವ ಮಾನೋವಿಷನ್‌ಗಿಂತ ಇದು ಮೇಲು ಎಂಬುದನ್ನು ಒಪ್ಪಲೇಬೇಕು. ಆದರೆ ಆ ಕಣ್ಣಿಗೆ ಬೆಳಕು ಕಡಿಮೆ. ಕಡಿಮೆ ಬೆಳಕಿನ ಸಂದೇಶ ಮಿದುಳಿಗೆ ತಡವಾಗಿ ಮುಟ್ಟುತ್ತದೆ. ಆಗ ಅಡ್ಡಲಾಗಿ ಓಡುವ ವಸ್ತು ಇದ್ದ ಜಾಗಕ್ಕಿಂತ ಹತ್ತಿರವೋ ದೂರವೋ ಕಾಣುತ್ತದೆ. ಜರ್ಮನಿಯ ಕಾರ್ಲ್ ಪುಲ್‌ಫ್ರಿಖ್ 1922ರಲ್ಲೇ ಇದನ್ನು ವಿವರಿಸಿದ್ದ. ಮುಸ್ಸಂಜೆಯಲ್ಲಿ ಚನ್ನರಾಯಪಟ್ಟಣದ ಬಳಿ ಬೆಂಗಳೂರು–ಮಂಗಳೂರು ಹೆದ್ದಾರಿ ದಾಟುವವರಿಗೆ ಇದು ಪುಸ್ತಕದ ಮಾತಲ್ಲ. ಹತ್ತಿರದ ಕೆಲಸದಲ್ಲೂ ಕೊರತೆಯಿದೆ: ಬಿಲ್ಲೆಯಿಲ್ಲದ ಕಣ್ಣು ಅಲ್ಲಿ ಮಸುಕಾಗಿಯೇ ಉಳಿಯುತ್ತದೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಕುಕ್ಕಿ ಸಿಪ್ಪೆ ಸುಲಿಯುವಾಗ ಬೆರಳಿಗೂ ಮೊನೆಗೂ ನಡುವೆ ಉಳಿಯುವುದು ನಾಲ್ಕಾರು ಅಂಗುಲ. ಅಲ್ಲಿ ಎರಡು ಕಣ್ಣೂ ಬೇಕು.

ಮಿದುಳು ಹೊಂದಿಕೊಳ್ಳುತ್ತದೆ, ಬೇಡವಾದರೆ ಬಿಲ್ಲೆ ತೆಗೆಸಬಹುದು ಎಂಬ ಸಮಾಧಾನವುಂಟು. ಹಲವರು ಹೊಂದಿಕೊಳ್ಳುತ್ತಾರೆ, ನಿಜ. ಆದರೆ ರೇನ್‌ಡ್ರಾಪ್ ಹಾಕಿಸಿಕೊಂಡವರ ಮೇಲೆ ನಡೆದ ನಂತರದ ಅಧ್ಯಯನದಲ್ಲಿ ಶೇ. 75 ಮಂದಿಯ ಕಾರ್ನಿಯಾ ಮಂಜಾಗಿತ್ತು. 2018ರಲ್ಲಿ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು, ಬಿಲ್ಲೆ ಮಾರುಕಟ್ಟೆಯಿಂದ ಹೋಯಿತು. ತೆಗೆಸಿದ ಮೇಲೂ ಮಂಜು ಪೂರ್ತಿ ಹೋಗುತ್ತದೆಂಬ ಭರವಸೆಯಿಲ್ಲ. ಕನ್ನಡಕವೇ ಸಾಕೆಂದರೆ, ಬೈಫೋಕಲ್ ಹಾಕಿದವರು ಮೆಟ್ಟಿಲಿನಲ್ಲಿ ಎಡವುತ್ತಾರಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅದಕ್ಕೆ ಉತ್ತರ, ಓದಲು ಬೇರೆಯೇ ಕನ್ನಡಕ ಇಟ್ಟುಕೊಂಡು ನಡೆಯುವಾಗ ತೆಗೆಯುವುದು. ಅಸ್ಸಾಮಿನ ಟೀ ತೋಟಗಳಲ್ಲಿ ನಲವತ್ತು ದಾಟಿದ ಕೆಲಸಗಾರರಿಗೆ ಅಂಥ ಕನ್ನಡಕ ಕೊಟ್ಟಾಗ, ಕೊಡದವರಿಗಿಂತ ಅವರ ದುಡಿಮೆಯ ಏರಿಕೆ ಸುಮಾರು ಶೇ. 22ರಷ್ಟು ಹೆಚ್ಚಿತ್ತೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ.

ಆದ್ದರಿಂದ ಚಾಳೀಸು ಬಂದವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು ತೋರಿಸಿ, ನಂಬರು ಬರೆಸಿ ಕನ್ನಡಕ ಹಾಕಿಕೊಳ್ಳಿ. ಯಾರಾದರೂ ಒಂದು ಕಣ್ಣಿಗೆ ಮಾತ್ರ ಆಪರೇಷನ್ ಸಲಹೆ ಮಾಡಿದರೆ, ಆಳದ ದೃಷ್ಟಿಯ ಪರೀಕ್ಷೆ ಮಾಡಿಸದೆ ಸಹಿ ಹಾಕಬೇಡಿ.