ಯಂತ್ರದ ಕಿವಿಗೆ ಕನ್ನಡದ ಒರೆಗಲ್ಲು

ಆಡಿದ ಮಾತನ್ನು ಕೇಳಿ ಬರಹಕ್ಕಿಳಿಸುವ ಯಂತ್ರವ್ಯವಸ್ಥೆಗಳು ಈಗ ಬಳಕೆಗೆ ಬಂದಿವೆ. ಅವುಗಳ ಯೋಗ್ಯತೆಯನ್ನು ನಿರ್ಣಯಿಸುವ ಪ್ರಚಲಿತ ಮಾನ 'ಪದದೋಷ ಪ್ರಮಾಣ': ತಪ್ಪಾದ, ಬಿಟ್ಟುಹೋದ, ಹೆಚ್ಚಾಗಿ ಸೇರಿದ ಪದಗಳನ್ನು ಕೂಡಿಸಿ, ಮೂಲಪಾಠದ ಪದಸಂಖ್ಯೆಯಿಂದ ಭಾಗಿಸುವುದು. ನೋಡುವುದಕ್ಕೆ ಇದು ನಿಷ್ಪಕ್ಷಪಾತವಾದ ಗಣಿತ. ಕನ್ನಡಕ್ಕೆ ಇದರಿಂದ ನ್ಯಾಯ ದೊರೆಯುವುದೇ ಎಂಬುದು ವಿಚಾರಾರ್ಹ.

'ನಾಳೆ ಸಭೆಗೆ ಬರುವುದಿಲ್ಲ' ಎಂದು ಒಬ್ಬರು ಹೇಳಿದರೆನ್ನೋಣ. ಯಂತ್ರವು ಸಂಧಿಯನ್ನು ಬಿಡಿಸಿ 'ಬರುವುದು ಇಲ್ಲ' ಎಂದು ಬರೆದರೆ ಎರಡು ದೋಷ. ಒಂದು ಪದ ಬದಲಾಯಿತು, ಒಂದು ಹೆಚ್ಚಾಯಿತು. 'ಬರುವುದಿದೆ' ಎಂದು ಬರೆದರೆ ಒಂದೇ ದೋಷ. ಅರ್ಥ ಕೆಡದ ಬರಹಕ್ಕೆ ಮೂರರಲ್ಲಿ ಎರಡು, ಅರ್ಥವನ್ನೇ ತಿರುಚಿದ ಬರಹಕ್ಕೆ ಮೂರರಲ್ಲಿ ಒಂದು! ಸಂಧಿ, ಪ್ರತ್ಯಯಗಳಿಂದ ಪದ ಬೆಳೆಯುವ ಭಾಷೆಗೆ ಈ ಎಣಿಕೆ ಒಗ್ಗದು.

ಇದಕ್ಕಿಂತ ವಿಚಿತ್ರವಾದುದು, 2022ರಲ್ಲಿ ಓಪನ್‌ಎಐ ಸಂಸ್ಥೆ ಹೊರತಂದ 'ವಿಸ್ಪರ್' ವ್ಯವಸ್ಥೆಯೊಡನೆ ಬಂದ ಪಾಠಸಂಸ್ಕರಣ ಕ್ರಮ. ಇಂಗ್ಲಿಷೇತರ ಭಾಷೆಗಳಿಗೆಂದು ಮಾಡಿದ ಅದು, ಪಾಠಗಳನ್ನು ಹೋಲಿಸುವ ಮುನ್ನ ಲೇಖನಚಿಹ್ನೆಗಳ ಜೊತೆಗೆ ನಮ್ಮ ಗುಣಿತಚಿಹ್ನೆಗಳನ್ನೂ ಅಳಿಸಿ ಆ ಜಾಗವನ್ನು ತೆರವಾಗಿ ಬಿಡುತ್ತದೆ. ಆಗ ಹುಲಿ, ಹಾಲು, ಹೊಲ ಮೂರೂ 'ಹ ಲ' ಆಗುತ್ತವೆ. ಹಾಲನ್ನು ಹುಲಿಯೆಂದು ಬರೆದರೂ ಯಂತ್ರ ನಿರ್ದೋಷಿ! ಇಂಥ ಕ್ರಮದಿಂದ ಭಾರತೀಯ ಭಾಷೆಗಳ ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ತೋರುವುದೆಂದು ಕಾವ್ಯಾ ಮನೋಹರ್ ಮತ್ತು ಸಂಗಡಿಗರು 2024ರಲ್ಲಿ ತೋರಿಸಿಕೊಟ್ಟರು.

ನಮ್ಮ ನಗರದ ಐಐಟಿಯ 'ಎಐ ಫಾರ್ ಭಾರತ್' ಬಳಗವು 2023ರಲ್ಲಿ ಪ್ರಕಟಿಸಿದ 'ವಿಸ್ತಾರ್' ಪರೀಕ್ಷಾಸಮೂಹದಲ್ಲಿ, ಕನ್ನಡವೂ ಸೇರಿ 12 ಭಾಷೆಗಳಿಗೆ 59 ಪರೀಕ್ಷೆಗಳಿವೆ. ಒಂದೇ ಬಗೆಯ ಧ್ವನಿಮುದ್ರಣದಿಂದ ಯಂತ್ರವನ್ನು ತೂಗಬಾರದೆಂಬ ಅವರ ನಿಲುವು ಸ್ತುತ್ಯವಾದುದು. ಅದೇ ಬಳಗದ 2024ರ 'ಇಂಡಿಕ್‌ವಾಯ್ಸಸ್' ಸಂಗ್ರಹವು 145 ಜಿಲ್ಲೆಗಳ 16,237 ಜನರ ದನಿಯನ್ನು ಒಳಗೊಂಡಿತು; ಅದರಲ್ಲಿ ಓದಿದ ಪಾಠಕ್ಕಿಂತ ಸಹಜವಾಗಿ ಆಡಿದ ಮಾತೇ ಹೆಚ್ಚು. ಇದು ಸರಿಯಾದ ದಾರಿ. ಆದರೂ ದನಿಗಳು ಎಷ್ಟೇ ಬಗೆಯವಿರಲಿ, ಫಲಿತಾಂಶವನ್ನು ಒಂದೇ ಸರಾಸರಿಯಾಗಿ ಹೇಳಿದರೆ ಧಾರವಾಡ, ಕುಂದಾಪುರ, ಕಾಸರಗೋಡು, ಮದರಾಸುಗಳ ಕನ್ನಡವೆಲ್ಲ ಅದರಲ್ಲಿ ಕರಗಿಹೋಗುತ್ತದೆ.

ಹೊರನಾಡಿನ ನಮಗೆ ಇದು ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ. ಇಲ್ಲಿಯ ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸಿ ಯಂತ್ರದಿಂದ ಬರೆಯಿಸಿದಾಗ, ತಮಿಳು ಬೆರೆತ ಅವರ ನುಡಿ ತಿದ್ದಿಹೋದರೆ, ಮುಂದಿನವರಿಗೆ ಉಳಿಯುವ ದಾಖಲೆ ಅವರದಾಗಿರದು. ಆದುದರಿಂದ ಯಾವ ಅಂಕಿಯನ್ನೇ ಆಗಲಿ ಒಪ್ಪುವ ಮೊದಲು ವಾಚಕರು ಮೂರು ಪ್ರಶ್ನೆಗಳನ್ನು ಕೇಳಬೇಕು: ಗುಣಿತವನ್ನು ಉಳಿಸಿಕೊಂಡು ಎಣಿಸಿದರೇ? ಕೂಡಿಸಿ ಬರೆದ, ಬಿಡಿಸಿ ಬರೆದ ರೂಪಗಳೆರಡನ್ನೂ ಮನ್ನಿಸಿದರೇ? ಯಾವ ಪ್ರದೇಶದವರ ಮಾತಿನಲ್ಲಿ ಎಷ್ಟು ದೋಷ ಬಂದಿತು? ಈ ಮೂರಕ್ಕೂ ಉತ್ತರವುಳ್ಳ ಪರೀಕ್ಷೆಯೇ ಕನ್ನಡದ ಪರೀಕ್ಷೆ.