ವಿಜಯಸ್ತಂಭದ ತುದಿಯಲ್ಲಿ ಸೋತವನು

ನಮ್ಮ ಧರ್ಮಕೇಂದ್ರಗಳ ಅನೇಕ ಮನೆಗಳಲ್ಲಿ ಜೋಡಿಸಿದ ಎರಡು ಕೈಗಳ ಚಿತ್ರವೊಂದು ಗೋಡೆಯ ಮೇಲೆ ತೂಗುತ್ತಿರುತ್ತದೆ. 1508ರಲ್ಲಿ ಅದನ್ನು ಬರೆದವನು ಜರ್ಮನಿಯ ನ್ಯೂರೆಂಬರ್ಗ್ ನಗರದ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ (1471-1528). ತಮ್ಮನ ಓದಿಗಾಗಿ ಗಣಿಯಲ್ಲಿ ದುಡಿದು ಕೈ ಸವೆಸಿಕೊಂಡ ಅಣ್ಣನ ಕಥೆಯನ್ನು ಆ ಚಿತ್ರಕ್ಕೆ ಅಂಟಿಸಿ ಪ್ರಸಂಗಗಳಲ್ಲಿ ಹೇಳುವುದುಂಟು. ಕಥೆ ಹೃದಯಂಗಮವೇ ಹೌದು, ಆದರೆ ಅದಕ್ಕೆ ಆಧಾರವಿಲ್ಲ. ಫ್ರಾಂಕ್‌ಫರ್ಟ್‌ನ ದೇವಾಲಯವೊಂದರ ಬಲಿಪೀಠದ ಚಿತ್ರಕ್ಕಾಗಿ, ಪ್ರೇಷಿತನೊಬ್ಬನ ಕೈಗಳೆಂದು ಡ್ಯೂರರ್ ಮಾಡಿಕೊಂಡ ಕರಡು ಅದು. ಇಲ್ಲಿ ನಾನು ವಿವೇಚಿಸಬಯಸುವುದು ಅದೇ ಕಲಾವಿದನ ಮತ್ತೊಂದು ಚಿತ್ರವನ್ನು. ಅದನ್ನು ಯಾರೂ ಮನೆಯ ಗೋಡೆಗೆ ತೂಗುಹಾಕಲಾರರು.

1525ರಲ್ಲಿ ಡ್ಯೂರರ್ ಅಳತೆಯ ಶಾಸ್ತ್ರವನ್ನು ಕುರಿತು ಒಂದು ಗ್ರಂಥವನ್ನು ಅಚ್ಚು ಮಾಡಿಸಿದನು. ಕೈವಾರ ಮತ್ತು ಅಳತೆಪಟ್ಟಿಗಳಿಂದ ರೇಖೆಗಳನ್ನೂ ಘನಾಕೃತಿಗಳನ್ನೂ ರಚಿಸುವ ವಿಧಾನವನ್ನು ಚಿತ್ರಕಾರರಿಗೂ ಶಿಲ್ಪಿಗಳಿಗೂ ಕಲಿಸುವ ಪುಸ್ತಕವದು. ಅದರ ಮೂರನೆಯ ಭಾಗದಲ್ಲಿ, ಕಂಬಗಳನ್ನು ನಿರ್ಮಿಸುವ ಬಗೆಯನ್ನು ವಿವರಿಸುತ್ತಾ, ಮೊದಲು ಯುದ್ಧದಲ್ಲಿ ಗೆದ್ದವನಿಗೊಂದು ಸ್ಮಾರಕವನ್ನು ಸೂಚಿಸುತ್ತಾನೆ. ಅದರಲ್ಲಿ ಫಿರಂಗಿ, ಕವಚ ಮೊದಲಾದ ಯುದ್ಧಸಾಮಗ್ರಿಗಳಿವೆ. ಆಮೇಲೆ, ದಂಗೆಯೆದ್ದ ರೈತರನ್ನು ಸೋಲಿಸಿದವನು ಸ್ಮಾರಕ ನಿಲ್ಲಿಸಬೇಕೆಂದಿದ್ದರೆ ಹೀಗೆ ಮಾಡಬಹುದು ಎಂದು ಇನ್ನೊಂದು ಮರದಚ್ಚಿನ ಚಿತ್ರವನ್ನು ಮುಂದಿಡುತ್ತಾನೆ.

ಆ ಸ್ತಂಭವನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಪೀಠದ ಮೇಲೆ ದನ, ಕುರಿ, ಹಂದಿಗಳು ಮಲಗಿವೆ. ಅದರ ಮೇಲಿನ ಹಂತದಲ್ಲಿ ಗಿಣ್ಣು, ಬೆಣ್ಣೆ, ಮೊಟ್ಟೆ, ಈರುಳ್ಳಿ, ಸೊಪ್ಪು ತುಂಬಿದ ಬುಟ್ಟಿಗಳು. ಅವುಗಳ ನಡುವೆ ಧಾನ್ಯದ ಮರದ ಪೆಟ್ಟಿಗೆ, ಅದರ ಮೇಲೆ ಕವುಚಿ ಹಾಕಿದ ಕೊಪ್ಪರಿಗೆ, ಬೆಣ್ಣೆ ಕಡೆಯುವ ಪಾತ್ರೆ, ಹಾಲಿನ ಹೂಜಿ. ಇನ್ನೂ ಮೇಲೆ ತೆನೆಯ ಕಂತೆಯೊಂದಿಗೆ ಸೇರಿಸಿ ಕಟ್ಟಿದ ಗುದ್ದಲಿ, ಕವೆಗೋಲು, ಧಾನ್ಯ ಬಡಿಯುವ ಕೋಲು. ಅದರ ಮೇಲೊಂದು ಕೋಳಿಗೂಡು, ಗೂಡಿನ ಮೇಲೆ ಬೋರಲು ಹಾಕಿದ ಕೊಬ್ಬಿನ ಮಡಕೆ. ಮಡಕೆಯ ಮೇಲೆ ರೈತನೊಬ್ಬ ಬಾಗಿ ಕುಳಿತು ಕೈಗೆ ತಲೆಯಾನಿಸಿದ್ದಾನೆ. ಅವನ ಬೆನ್ನಿನಲ್ಲಿ ಖಡ್ಗವೊಂದು ನೆಟ್ಟಿದೆ.

ಆ ವರ್ಷ ನಡೆದುದೇನೆಂದು ತಿಳಿಯದೆ ಈ ಚಿತ್ರ ಅರ್ಥವಾಗದು. 1524ರ ಬೇಸಗೆಯಲ್ಲಿ ದಕ್ಷಿಣ ಜರ್ಮನಿಯಲ್ಲಿ ಆರಂಭವಾದ ರೈತರ ದಂಗೆ 1525ರ ವಸಂತದಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಆ ಮಾರ್ಚ್‌ನಲ್ಲಿ ಮೆಮ್ಮಿಂಗನ್ ಎಂಬ ನಗರದಲ್ಲಿ ರೈತರ ಹೆಸರಿನಲ್ಲಿ ಹನ್ನೆರಡು ಬೇಡಿಕೆಗಳು ಸಿದ್ಧವಾದವು. ತಮ್ಮ ಗುರುವನ್ನು ತಾವೇ ಆರಿಸಬೇಕು, ಧಾನ್ಯದ ದಶಮಾಂಶ ಗುರುವಿನ ಪೋಷಣೆಗೂ ಬಡವರಿಗೂ ಸಲ್ಲಬೇಕು, ಕಾಡಿನ ಸೌದೆಯೂ ಹೊಳೆಯ ಮೀನೂ ಎಲ್ಲರಿಗೂ ದೊರೆಯಬೇಕು, ಮನೆಯೊಡೆಯ ಸತ್ತಾಗ ವಿಧವೆ ಮತ್ತು ಅನಾಥರಿಂದ ಕಸಿಯುವ ಸಾವಿನ ತೆರಿಗೆ ನಿಲ್ಲಬೇಕು. ಮೂರನೆಯ ಬೇಡಿಕೆ ಜೀತವನ್ನು ಕುರಿತದ್ದು: ಕುರಿ ಕಾಯುವವನನ್ನೂ ಒಡೆಯನನ್ನೂ ಕ್ರಿಸ್ತರು ಒಂದೇ ರಕ್ತದಿಂದ ವಿಮೋಚಿಸಿರುವಾಗ ನಾವು ಇನ್ನೊಬ್ಬರ ಸೊತ್ತಾಗುವುದು ಹೇಗೆ ಎಂಬುದು ಅದರ ತಿರುಳು. ಕಡೆಯದರಲ್ಲಿ, ಇವುಗಳಲ್ಲಿ ಯಾವುದಾದರೂ ಶ್ರೀಗ್ರಂಥಕ್ಕೆ ವಿರುದ್ಧವೆಂದು ತೋರಿಸಿಕೊಟ್ಟರೆ ಕೈಬಿಡುತ್ತೇವೆ ಎಂದು ಒಪ್ಪಿಕೊಂಡಿದ್ದರು. ಅಷ್ಟು ವಿನಯದ ದಂಗೆಕೋರರು ಚರಿತ್ರೆಯಲ್ಲಿ ಅಪರೂಪ.

ಆ ವಿನಯ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಅನೇಕ ಮಠಗಳೂ ಕೋಟೆಗಳೂ ಸೂರೆಯಾದವು. ಏಪ್ರಿಲ್ 16ರ ಪಾಸ್ಖ ಭಾನುವಾರ ವೈನ್ಸ್‌ಬರ್ಗ್‌ನಲ್ಲಿ ಸೆರೆಸಿಕ್ಕ ಕೌಂಟ್ ಒಬ್ಬನನ್ನೂ ಅವನ ಸಂಗಡಿಗರನ್ನೂ ರೈತರು ಈಟಿಗಳ ಸಾಲಿನ ನಡುವೆ ಓಡಿಸಿ ಕೊಂದರು. ಮೇ 15ರಂದು ಫ್ರಾಂಕನ್‌ಹೌಸೆನ್‌ನಲ್ಲಿ ಸಾಮಂತರ ಸೇನೆ ಸಾವಿರಾರು ರೈತರನ್ನು ಕಡಿದುಹಾಕಿತು. ಅವರ ನಾಯಕ ತೋಮಸ್ ಮ್ಯೂಂಟ್ಸರ್‌ನನ್ನು ಹಿಂಸಿಸಿ ಮೇ 27ರಂದು ಶಿರಚ್ಛೇದನ ಮಾಡಲಾಯಿತು. ಒಟ್ಟು ಸತ್ತವರು 70,000ಕ್ಕೂ ಮಿಗಿಲೆಂದು ಅನೇಕ ಇತಿಹಾಸಕಾರರ ಅಂದಾಜು.

ಈಗ ಚಿತ್ರಕ್ಕೆ ಮರಳೋಣ. ಇದು ಅಣಕವೋ ಶೋಕವೋ? ಅಣಕವೆನ್ನುವವರ ವಾದ ದುರ್ಬಲವಾದುದಲ್ಲ. ಕೋಳಿಗೂಡನ್ನೂ ಬೆಣ್ಣೆಯ ಪಾತ್ರೆಯನ್ನೂ ಪೇರಿಸಿದ ವಿಜಯಸ್ತಂಭ ಯಾರನ್ನಾದರೂ ನಗಿಸೀತು. ಇದರ ಬೆನ್ನಿಗೇ ಡ್ಯೂರರ್ ಕುಡುಕನೊಬ್ಬನ ಸಮಾಧಿಗೆ ಬಿಯರ್ ಪೀಪಾಯಿಯ ಸ್ಮಾರಕವನ್ನು ಸೂಚಿಸುತ್ತಾನೆ. ಅಮೆರಿಕದ ವಿಮರ್ಶಕ ಸ್ಟೀಫನ್ ಗ್ರೀನ್‌ಬ್ಲಾಟ್ 1983ರ ಪ್ರಬಂಧವೊಂದರಲ್ಲಿ ಈ ಪ್ರಶ್ನೆಯನ್ನು ಸೂಕ್ಷ್ಮವಾಗಿ ಚರ್ಚಿಸಿ, ಇಂದು ನಮಗೆ ಅನುಕಂಪವೆಂದು ಕಾಣುವುದು ಅಂದಿನ ಓದುಗನಿಗೆ ಹಾಗೆ ಕಂಡಿರಲಾರದೆಂದು ಎಚ್ಚರಿಸಿದ್ದಾನೆ. ಆ ಎಚ್ಚರಿಕೆ ನ್ಯಾಯವಾದದ್ದೇ.

ಆದರೂ ಅಣಕದ ವಾದ ನನಗೆ ಸಮಾಧಾನ ತರುವುದಿಲ್ಲ. ಅದಕ್ಕೆ ಕಾರಣ ಆ ರೈತನ ಭಂಗಿ. ಕುಳಿತು, ಕೈಗೆ ತಲೆಯಾನಿಸಿ, ಮರಣವನ್ನು ಕಾಯುವ ವ್ಯಕ್ತಿಯನ್ನು ಅಂದಿನ ಜರ್ಮನ್ ಭಕ್ತನು ಚೆನ್ನಾಗಿ ಬಲ್ಲನು. ಶಿಲುಬೆಗೇರುವ ಮುನ್ನ ಕಲ್ಲಿನ ಮೇಲೆ ಒಂಟಿಯಾಗಿ ಕುಳಿತ ಯೇಸುಸ್ವಾಮಿಯ ಪ್ರತಿಮೆ ಅಲ್ಲಿನ ದೇವಾಲಯಗಳಲ್ಲಿ ಬಹು ಪ್ರಚಲಿತವಾಗಿತ್ತು. ಸ್ವತಃ ಡ್ಯೂರರ್ 1511ರಲ್ಲಿ ಪ್ರಭುವಿನ ಪಾಡುಗಳನ್ನು ಕುರಿತ 37 ಮರದಚ್ಚುಗಳ ಮಾಲೆಯನ್ನು ಪ್ರಕಟಿಸಿದಾಗ ಮೊದಲ ಪುಟದಲ್ಲಿ ಇಟ್ಟದ್ದು ಇದೇ ಭಂಗಿಯನ್ನು. ಹದಿನಾಲ್ಕು ವರ್ಷಗಳ ಬಳಿಕ ಆ ಕೈ ಅದೇ ಭಂಗಿಯನ್ನು ಮರೆವಿನಲ್ಲಿ ಎಳೆಯಿತೆಂದು ನಂಬುವುದು ಕಷ್ಟ. ಮತ್ತೊಂದು ಸಂಗತಿ. ಇಡೀ ಸ್ತಂಭದಲ್ಲಿ ಇರುವ ಆಯುಧ ಒಂದೇ, ಅದು ರೈತನದಲ್ಲ. ಮಿಕ್ಕಿದ್ದೆಲ್ಲಾ ಅನ್ನ, ಮತ್ತು ಅನ್ನವನ್ನು ಬೆಳೆಯುವ ಸಲಕರಣೆ. ಖಡ್ಗ ಬಂದಿರುವುದೂ ಹಿಂದಿನಿಂದ. ಎದುರಿಗೆ ನಿಂತು ಕಾದಿ ಗೆದ್ದವನ ಕೀರ್ತಿಯನ್ನು ಹೀಗೆ ಕೊರೆಯುವುದುಂಟೆ?

ಹಾಗೆಂದು ಡ್ಯೂರರ್ ರೈತರ ಪಕ್ಷಪಾತಿಯಾಗಿದ್ದನೆಂದು ಹೊಗಳಲೂ ನಾನು ಸಿದ್ಧನಿಲ್ಲ. ಅವನು ನಗರದ ಗಣ್ಯ, ಚಕ್ರವರ್ತಿಯ ವೇತನ ಪಡೆದವನು, ಮಾರ್ಟಿನ್ ಲೂಥರನ ಅಭಿಮಾನಿ. ಆ ಲೂಥರ್ ಏಪ್ರಿಲ್‌ನಲ್ಲಿ ಒಡೆಯರ ದುರಾಶೆಯನ್ನು ಖಂಡಿಸಿ, ಮೇ ತಿಂಗಳಲ್ಲಿ ಅದೇ ಒಡೆಯರಿಗೆ ರೈತರನ್ನು ಹುಚ್ಚುನಾಯಿಗಳಂತೆ ಕೊಲ್ಲಲು ಕರೆಕೊಟ್ಟನು. ಅದೇ ವರ್ಷದ ಜನವರಿಯಲ್ಲಿ ನ್ಯೂರೆಂಬರ್ಗ್ ನಗರಸಭೆ ದೈವನಿಂದೆಯ ಆರೋಪದ ಮೇಲೆ ಮೂವರು ಯುವ ಚಿತ್ರಕಾರರನ್ನು ಗಡಿಪಾರು ಮಾಡಿತ್ತು. ಮಾತು ಅಪಾಯಕರವಾಗಿದ್ದ ಆ ದಿನಗಳಲ್ಲಿ ಡ್ಯೂರರ್ ತನ್ನ ಮಾತನ್ನು ಗೆದ್ದವರಿಗೆ ಒಪ್ಪಿಸಿದನು, ಚಿತ್ರವನ್ನು ಒಪ್ಪಿಸಲಿಲ್ಲ. ಇದು ಧೈರ್ಯವೆಂದು ನಾನು ಹೇಳಲಾರೆ. ಹೇಡಿತನವೆಂದೂ ಹೇಳಲಾರೆ.

ಲೂಥರನ ಆ ಕರಪತ್ರವನ್ನು ತೋರಿಸಿ ಕಥೋಲಿಕರಾದ ನಾವು ಕೈತೊಳೆದುಕೊಳ್ಳುವಂತಿಲ್ಲ. ರೈತರನ್ನು ಜೀತದಲ್ಲಿಟ್ಟ ಒಡೆಯರಲ್ಲಿ ಮಠಾಧಿಪತಿಗಳೂ ಧರ್ಮಾಧ್ಯಕ್ಷರೂ ಇದ್ದರು. ವ್ಯುರ್ಟ್ಸ್‌ಬರ್ಗ್‌ನಲ್ಲಿ ಧರ್ಮಾಧ್ಯಕ್ಷನೇ ಅರಸನೂ ಆಗಿದ್ದನು. ಅಲ್ಲಿನ ಬಲಿಪೀಠಗಳಿಗೆ ಮೃದುಮುಖದ ಮಾತೆ ಮರಿಯಳನ್ನೂ ಸಂತರನ್ನೂ ಕೆತ್ತಿಕೊಟ್ಟ ಮಹಾಶಿಲ್ಪಿ ಟಿಲ್ಮನ್ ರೀಮನ್‌ಶ್ನೈಡರ್ ನಗರಸಭೆಯ ಸದಸ್ಯನಾಗಿದ್ದನು. ನಗರ ರೈತರ ಪಕ್ಷ ಸೇರಿದ್ದಕ್ಕಾಗಿ, ಅವರು ಸೋತ ಮೇಲೆ ಅವನನ್ನು ಧರ್ಮಾಧ್ಯಕ್ಷನ ಕೋಟೆಯಲ್ಲಿ ಸೆರೆಯಿಟ್ಟು ಆಸ್ತಿಯ ಒಂದು ಭಾಗವನ್ನು ಕಸಿದುಕೊಂಡರು. ಯೋರ್ಗ್ ರಾಟ್‌ಗೆಬ್ ಎಂಬ ಬಲಿಪೀಠದ ಚಿತ್ರಕಾರನನ್ನು 1526ರಲ್ಲಿ ಫೋರ್ಟ್ಸ್‌ಹೈಮ್‌ನಲ್ಲಿ ಸೀಳಿ ಕೊಂದರು.

ಮುಂದೆ ಈ ರೈತರಿಗೆ ಸ್ಮಾರಕಗಳೇನೂ ಕಡಿಮೆಯಾಗಲಿಲ್ಲ. 1850ರಲ್ಲಿ ಎಂಗೆಲ್ಸ್ ಅವರ ಯುದ್ಧವನ್ನು ಕುರಿತು ಬರೆದನು. ಪೂರ್ವ ಜರ್ಮನಿಯ ಸರ್ಕಾರ ಫ್ರಾಂಕನ್‌ಹೌಸೆನ್‌ನ ರಣಭೂಮಿಯಲ್ಲಿ ಚಿತ್ರಕಾರ ವೆರ್ನರ್ ಟ್ಯೂಬ್ಕೆಯಿಂದ 14 ಮೀಟರ್ ಎತ್ತರ, 123 ಮೀಟರ್ ಸುತ್ತಳತೆಯ ಮಹಾಚಿತ್ರವನ್ನು ಬರೆಸಿತು. 1989ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆರೆದಾಗ ಆ ಸರ್ಕಾರದ ದಿನಗಳೇ ಮುಗಿಯುತ್ತಾ ಬಂದಿದ್ದವು. ಆ ಚಿತ್ರದಲ್ಲಿ 3,000ಕ್ಕೂ ಹೆಚ್ಚು ಆಕೃತಿಗಳಿವೆ. ಕೌಶಲಕ್ಕೆ ತಲೆದೂಗಬೇಕು, ನಿಜ. ಆದರೂ ಪುಸ್ತಕದ ಪುಟದಲ್ಲಿ ಅಡಗುವ ಆ ಒಬ್ಬ ರೈತನ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ.

1525ರ ಪಂಚಾಶತ್ತಮ ಹಬ್ಬದ ವಾರದಲ್ಲಿ, ವ್ಯುರ್ಟ್ಸ್‌ಬರ್ಗ್ ಶರಣಾದ ಅದೇ ದಿನಗಳಲ್ಲಿ, ಡ್ಯೂರರ್ ಒಂದು ಕನಸು ಕಂಡನು. ಆಕಾಶದಿಂದ ಅಪಾರ ಜಲರಾಶಿಗಳು ಭೋರ್ಗರೆಯುತ್ತಾ ನೆಲಕ್ಕೆ ಬೀಳುತ್ತಿದ್ದವು. ಕನಸಿಗೂ ಯುದ್ಧಕ್ಕೂ ಗಂಟುಹಾಕಲು ನನಗೆ ಧೈರ್ಯ ಸಾಲದು; ಪ್ರಳಯದ ಭವಿಷ್ಯವಾಣಿಗಳು ಆ ಕಾಲದಲ್ಲಿ ಹೇರಳವಾಗಿದ್ದವು. ಮೈಯೆಲ್ಲಾ ನಡುಗಿ ಎಚ್ಚರಗೊಂಡ ಅವನು ಬೆಳಿಗ್ಗೆ ಎದ್ದು ಕಂಡದ್ದನ್ನು ಕಂಡ ಹಾಗೆಯೇ ಜಲವರ್ಣದಲ್ಲಿ ಬರೆದು, ದೇವರು ಎಲ್ಲವನ್ನೂ ಒಳಿತಿನೆಡೆಗೆ ತಿರುಗಿಸಲೆಂದು ಅದರ ಕೆಳಗೆ ಬರೆದಿಟ್ಟನು. ಆ ಹಾಳೆ ಇಂದು ವಿಯೆನ್ನಾದಲ್ಲಿದೆ.